ಕುಡಿಯಲಿಕ್ಕೆಂದು ತಂದ ನೀರು

ಹೋಟೆಲಿನಲ್ಲಿ ಕೂತ ಕೂಡಲೇ ಕೇಳುವ ಮೊದಲ ಪ್ರಶ್ನೆ ನಿಮಗೆಲ್ಲ ಗೊತ್ತಿರುವುದೇ: 'ಬಾಟ್ಲು ವಾಟರ್ ಕೊಡ್ಲಾ ಸಾರ್, ನಾರ್ಮಲ್ಲಾ?' ದರ್ಶಿನಿಗಳಲ್ಲಿ ಈ ಪ್ರಶ್ನೆ ಬರುವುದಿಲ್ಲ. ಅಲ್ಲಿ ಸ್ಟೀಲ್ ಡ್ರಮ್ಮು, ಪಕ್ಕದಲ್ಲಿ ಬೋರಲು ಹಾಕಿದ ಲೋಟ. ಬೇಕಾದವರು ಹಿಡಿದುಕೊಂಡು ಕುಡಿಯುತ್ತಾರೆ. ಕೂತು ಉಣ್ಣುವ, ಸ್ವಲ್ಪ ದೊಡ್ಡ ಹೋಟೆಲುಗಳಲ್ಲಿ ಮಾತ್ರ ಕೇಳುತ್ತಾರೆ. ಎದುರಿಗೆ ಬೀಗರು ಕೂತಿದ್ದರೆ, ಆಫೀಸಿನ ಮೇಲಿನವರು ಕೂತಿದ್ದರೆ, 'ನಾರ್ಮಲ್' ಅನ್ನುವುದಕ್ಕೆ ಬಾಯೇ ಬರುವುದಿಲ್ಲ. ಜಿಪುಣರು ಅಂದುಕೊಂಡಾರು ಎಂಬ ಅಳುಕು. ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಇನ್ನೊಂದು ಅಳುಕು, ಆ ನೀರು ಎಲ್ಲಿಯದೋ ಏನೋ ಅಂತ. ಕೊನೆಗೆ 'ಬಾಟ್ಲೇ ಕೊಡಿ' ಅಂದುಬಿಡುತ್ತೇವೆ. ಮುಚ್ಚಳ ತಿರುಗಿಸುವಾಗ ಸೀಲು ಮುರಿದ ಸದ್ದು ಕೇಳಿದ ಮೇಲೆ ಸಮಾಧಾನ.

ಅಷ್ಟು ಹೊತ್ತಿನಲ್ಲಿ ನಾವೊಂದು ನೈತಿಕ ತೀರ್ಮಾನ ಮಾಡಿಬಿಟ್ಟಿರುತ್ತೇವೆ ಎನ್ನುವುದು ನನ್ನ ನಂಬಿಕೆ. ಇವತ್ತಿನ ಮಾತು ಅದರ ಬಗ್ಗೆ. ಬಾಟಲಿ ಕೊಂಡವರನ್ನು ಕಟಕಟೆಯಲ್ಲಿ ನಿಲ್ಲಿಸುವುದಕ್ಕೆ ನಾನು ಬಂದಿಲ್ಲ. ಈ ಬೆಂಗಳೂರಿನಲ್ಲಿ ಎಷ್ಟೋ ಜನಕ್ಕೆ ಬೇರೆ ದಾರಿಯೇ ಇಲ್ಲ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮನೆಗೆ ಕಾವೇರಿ ಕನೆಕ್ಷನ್ ಇದ್ದೂ, ಆ ನೀರಿನಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ, ಕುಡಿಯುವುದಕ್ಕೆ ಮಾತ್ರ ಬೇರೆ ನೀರು ಕೊಳ್ಳುವವರು ಇದ್ದಾರಲ್ಲ, ಅವರ ಜೊತೆ ನನಗೆ ಮಾತಾಡುವುದಿದೆ. ಈ ಸಭೆಯಲ್ಲಿ ಅಂಥವರೇ ಹೆಚ್ಚು ಅಂದುಕೊಂಡಿದ್ದೇನೆ.

ನಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎನ್ನುವುದು ಶಾಲೆ ಮಕ್ಕಳಿಗೂ ಗೊತ್ತು. ಎಷ್ಟು ಕಷ್ಟಪಟ್ಟು ಬರುತ್ತದೆ ಎನ್ನುವುದು ದೊಡ್ಡವರಿಗೂ ಗೊತ್ತಿರುವುದಿಲ್ಲ. ಶಿವನಸಮುದ್ರದ ಹತ್ತಿರ ಶಿವ ಅಣೆಕಟ್ಟೆ ಅಂತ ಇದೆ. ಅಲ್ಲಿಂದ ತಿರುಗಿದ ನೀರು ನೆಟ್ಕಲ್ ಜಲಾಶಯಕ್ಕೆ, ಅಲ್ಲಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ. ಶುದ್ಧೀಕರಣ ಆಗುವುದು ಅಲ್ಲಿ. ಕೆಸರನ್ನು ಗಂಟುಕಟ್ಟಿಸಿ ತಳಕ್ಕೆ ಕೂರಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಕ್ಲೋರಿನ್ ಬೆರೆಸುತ್ತಾರೆ. ಆಮೇಲೆ ಪಂಪು. ತೊರೆಕಾಡನಹಳ್ಳಿಯಲ್ಲಿ ಒಂದು ಸಲ, ಹಾರೋಹಳ್ಳಿಯಲ್ಲಿ ಇನ್ನೊಂದು ಸಲ, ತಾತಗುಣಿಯಲ್ಲಿ ಮತ್ತೊಂದು ಸಲ ಎತ್ತಿ ಎತ್ತಿ, ಹತ್ತಿರ ಹತ್ತಿರ 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ತಂದು ನಮ್ಮ ಬೀದಿಗೆ ಬಿಡುತ್ತಾರೆ. ಕಾವೇರಿ ಯೋಜನೆಯ ಮೊದಲ ಹಂತದ ನೀರು 1974ರಲ್ಲಿ ಬಂತು. ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಾಲ್ಕು ಹಂತಗಳಿಂದ ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು, ಐದನೆಯದು ಇನ್ನೂ 77.5 ಕೋಟಿ ಲೀಟರ್ ತರುವುದಕ್ಕೆ ಕಟ್ಟಿದ್ದು.

ಇಷ್ಟೆಲ್ಲ ಆದಮೇಲೆ ಜಲಮಂಡಳಿ ನಮ್ಮಿಂದ ತೆಗೆದುಕೊಳ್ಳುತ್ತಿದ್ದದ್ದೆಷ್ಟು? 2014ರಿಂದ 2025ರ ತನಕ, ಮನೆಬಳಕೆಯ ಮೊದಲ ಎಂಟು ಸಾವಿರ ಲೀಟರ್ ಲೆಕ್ಕದಲ್ಲಿ, ಸಾವಿರ ಲೀಟರಿಗೆ 7 ರೂಪಾಯಿ. 2025ರ ಏಪ್ರಿಲ್‌ನಲ್ಲಿ ದರ ಏರಿತು, ಗಲಾಟೆಯೂ ಆಯಿತು. ಏರಿದ ಮೇಲೂ ಆ ಮೊದಲ ಎಂಟು ಸಾವಿರ ಲೀಟರಿಗೆ ದರ ಲೀಟರಿಗೆ ಒಂದು ಪೈಸೆ ದಾಟಲಿಲ್ಲ. ಹದಿನೆಂಟೋ ಇಪ್ಪತ್ತೋ ರೂಪಾಯಿ ಕೊಟ್ಟು ಒಂದು ಲೀಟರ್ ಬಾಟಲಿ ಕೊಳ್ಳುವಾಗ ಯಾರೂ ಚೌಕಾಸಿ ಮಾಡುವುದಿಲ್ಲ. ಅದೇ ದುಡ್ಡಿಗೆ ಎರಡು ಸಾವಿರ ಲೀಟರ್ ಕಾವೇರಿ ಬರುತ್ತದೆ. ದೊಡ್ಡ ಹೋಟೆಲಿನಲ್ಲಾದರೆ ಬಾಟಲಿ ಮೇಲೆ ಅಚ್ಚಾದ ಬೆಲೆಗಿಂತಲೂ ಹೆಚ್ಚು ತೆಗೆದುಕೊಳ್ಳಬಹುದು, 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ.

ದುಡ್ಡಿನ ಲೆಕ್ಕ ಇಷ್ಟಕ್ಕೇ ಬಿಡುತ್ತೇನೆ. ದುಡ್ಡು ನಿಮ್ಮದು, ಹೇಗೆ ಖರ್ಚು ಮಾಡಿದರೂ ಕೇಳುವ ಅಧಿಕಾರ ನನಗಿಲ್ಲ. ನೀರಿನ ಲೆಕ್ಕ ಮಾತ್ರ ಹಾಗಲ್ಲ.

ಕಾವೇರಿ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟಾಗ ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳಕ್ಕೆ ಸೇರಿದ್ದು ಅಂತ ಲೆಕ್ಕ ಹಿಡಿದಿತ್ತು. ಉಳಿದ ಊರಿನ ದಾಹ ಆ ಲೆಕ್ಕಕ್ಕೆ ಬರಲೇ ಇಲ್ಲ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಅದನ್ನು ತಿದ್ದಿತು. ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಮತ್ತು ಮನೆಬಳಕೆಗೆ. ಕುಡಿಯುವ ನೀರಿಗೆ ಉಳಿದೆಲ್ಲಕ್ಕಿಂತ ಮೇಲಿನ ಸ್ಥಾನ ಎನ್ನುವುದು ಆ ತೀರ್ಪಿನ ಬೆನ್ನೆಲುಬು. ತಮಿಳುನಾಡಿನ ಪಾಲು 192ರಿಂದ 177.25 ಟಿಎಂಸಿಗೆ ಇಳಿಯಿತು. ಕೆಳಗಿನ ರೈತರ ಪಾಲಿನಿಂದ ಕೋರ್ಟು ಅಷ್ಟು ತೆಗೆದದ್ದು ನಮ್ಮ ಬಾಯಾರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು.

ಮಂಡ್ಯದವರನ್ನೂ ಮರೆಯಬೇಡಿ. 2023ರಲ್ಲಿ ಮಳೆ ಕೈಕೊಟ್ಟಾಗ ನಾಲೆಗೆ ನೀರು ಬಿಡುತ್ತಾರಾ ಇಲ್ಲವಾ ಅಂತ ಕಾದು ಕೂತಿದ್ದವರು ಅವರು. ಆ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. 'ಕಾವೇರಿ ನಮ್ಮದು' ಅಂತ ಕೂಗಿದೆವು. ಆ ಕೂಗಿನಲ್ಲಿ ಕಪಟ ಇರಲಿಲ್ಲ. ಆದರೆ ಅವತ್ತು ಸಂಜೆ ಮನೆಗೆ ಬಂದು ನಾವು ಕುಡಿದದ್ದು ಯಾವ ನೀರು? ಕುಡಿಯುವುದಕ್ಕೆ ಬೇಕು ಅಂತ ಹೇಳಿ ತಂದ ನೀರನ್ನು ಕಮೋಡಿಗೆ ಬಿಟ್ಟು, ಕಾರಿಗೆ ಸುರಿದು, ಕುಡಿಯುವುದಕ್ಕೆ ಇನ್ನೊಂದು ಕಡೆ ನೆಲ ಕೊರೆದು ತೆಗೆದ ನೀರು ಕೊಂಡರೆ, ನಾವು ಆ ರೈತನಿಗೆ ಹೇಳಿದ ಮಾತು ಸುಳ್ಳಾಗುತ್ತದೆ. ಇದನ್ನು ನಾನು ತುಂಬ ಗಂಭೀರವಾಗಿ ಹೇಳುತ್ತಿದ್ದೇನೆ. ಮನೆಬಳಕೆಗೂ ಕೋರ್ಟು ಕೊಟ್ಟಿದೆಯಲ್ಲ ಅಂತ ನೀವು ಕೇಳಬಹುದು. ಕೊಟ್ಟಿದೆ. ಸ್ನಾನ ಮಾಡಬೇಡಿ, ಬಟ್ಟೆ ಒಗೆಯಬೇಡಿ ಅಂತ ಯಾರೂ ಹೇಳುವುದಿಲ್ಲ. ಆದರೆ ಕುಡಿಯುವುದನ್ನೊಂದೇ ಬಿಟ್ಟು ಉಳಿದೆಲ್ಲಕ್ಕೂ ಬಳಸುತ್ತೇವೆ ಅಂದರೆ, ಮುಂದಿನ ಸಲ ಮಳೆ ಕೈಕೊಟ್ಟಾಗ ಯಾವ ಮುಖ ಹೊತ್ತು ಕೇಳುವುದು? 2024ರ ಮಾರ್ಚ್‌ನಲ್ಲಿ ಈ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಹೊರಡಿಸಬೇಕಾಗಿ ಬಂತು ಎನ್ನುವುದೇ ನಾವು ಎಲ್ಲಿದ್ದೇವೆ ಎನ್ನುವುದಕ್ಕೆ ಸಾಕ್ಷಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಈ ಊರು ಮೊದಲು ಕೆರೆ, ಬಾವಿ, ಕಲ್ಯಾಣಿಗಳ ನೀರು ಕುಡಿಯುತ್ತಿತ್ತು. ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. 1890ರ ದಶಕದಲ್ಲಿ ಹೆಸರಘಟ್ಟದಿಂದ ಅರ್ಕಾವತಿ ನೀರನ್ನು ಕೊಳವೆಯಲ್ಲಿ ತಂದರು, ಅದಕ್ಕೆ ಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಮನೆಯೊಳಗೆ ನಲ್ಲಿ ಬಂದಮೇಲೆ ಜನಕ್ಕೆ ಬಾವಿಯ ಕಡೆ ಕಣ್ಣು ಹೋಗಲಿಲ್ಲ, ಕೆರೆಯ ಕಡೆಯೂ ಹೋಗಲಿಲ್ಲ. ಬೇಡವಾದ ಕೆರೆ ಹೂಳು ತುಂಬಿತು, ಆಮೇಲೆ ಬಸ್ ನಿಲ್ದಾಣವಾಯಿತು, ಆಟದ ಮೈದಾನವಾಯಿತು. ಕುಡಿಯುವುದನ್ನು ನಿಲ್ಲಿಸಿದ ನೀರನ್ನು ನಾವು ಕಾಯುವುದಿಲ್ಲ. ಬೆಂಗಳೂರಿನ ನೀರಿನ ಚರಿತ್ರೆಯಿಂದ ನಾನು ಕಲಿತದ್ದು ಇದೊಂದೇ. ನಲ್ಲಿಯ ಗತಿಯೂ ಹಾಗೇ ಆದೀತು ಎನ್ನುವ ಭಯ ನನಗಿದೆ.

ಸರ್ಕಾರಿ ಶಾಲೆಗೆ ಏನಾಯಿತು ನೋಡಿ. ಅನುಕೂಲಸ್ಥರು, ಓದು ಬರಹ ಬಲ್ಲವರು ಮೊದಲು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರ ಹಿಂದೆಯೇ ಮೇಷ್ಟ್ರನ್ನು ಪ್ರಶ್ನಿಸುವ ಬಾಯಿಗಳೂ ಹೋದವು. ಉಳಿದ ಮಕ್ಕಳ ತಂದೆ ತಾಯಿಗೆ ಅರ್ಜಿ ಬರೆಯಲು ಬಿಡುವಿಲ್ಲ, ಬರೆದರೆ ಓದುವವರಿಲ್ಲ. ನೀರಿನಲ್ಲೂ ನಡೆಯುತ್ತಿರುವುದು ಇದೇ. ನಮ್ಮ ರಸ್ತೆಯಲ್ಲಿ ಯಾವುದೋ ಕೇಬಲ್ಲಿಗೆಂದು ಅಗೆದವರು ಕೊಳವೆಗೆ ಏಟು ಹಾಕಿ, ಮಣ್ಣು ಮುಚ್ಚಿ ಹೋಗಿದ್ದರು. ಮಾರನೇ ಸಲ ನೀರು ಬಿಟ್ಟಾಗ ಮೊದಲು ಬಂದ ನೀರು ತಿಳಿ ಹಳದಿ, ಮೂಗಿಗೆ ಹಿಡಿದರೆ ಮೋರಿಯ ವಾಸನೆ. ರಸ್ತೆಯ ದೊಡ್ಡ ಮನೆಗಳಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ನೀರು ನೇರ ಸಂಪಿಗೆ ಹೋಗುತ್ತದೆ, ಅಲ್ಲಿಂದ ಮೇಲಿನ ಟ್ಯಾಂಕಿಗೆ, ಕುಡಿಯುವುದಕ್ಕೆ ಕ್ಯಾನು. ಗೊತ್ತಾದದ್ದು ರಸ್ತೆಯ ಕೊನೆಯ ವಠಾರದಲ್ಲಿ, ಬಿಂದಿಗೆಗೆ ನೇರವಾಗಿ ನಲ್ಲಿಯಿಂದ ಹಿಡಿಯುವ ಒಬ್ಬ ಹೆಂಗಸಿಗೆ. ಆಕೆ ಹಿಡಿದ ನೀರನ್ನು ಚೆಲ್ಲಿ, ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ನಾಲ್ಕು ಮನೆ ಬಾಗಿಲು ತಟ್ಟಿ, 'ನೀರು ವಾಸನೆ ಬರ್ತಾ ಇದೆ, ನೋಡ್ರಕ್ಕಾ' ಅಂತ ಹೇಳಿದಳು. ಫೋನಿನಲ್ಲಿ ದೂರನ್ನೂ ಕೊಟ್ಟಳಂತೆ, ಯಾರೂ ಬರಲಿಲ್ಲ. ರಸ್ತೆಯ ನಿವೃತ್ತ ಎಂಜಿನಿಯರೊಬ್ಬರು ಅದೇ ದೂರು ಕೊಟ್ಟ ಮೇಲೆ ಅಗೆದು ನೋಡಿದರು.

ಆಕೆಯ ಮಾತಿಗೂ ಎಂಜಿನಿಯರ ಮಾತಿಗೂ ಒಂದೇ ತೂಕ ಇರಬೇಕಾಗಿತ್ತು, ಇರಲಿಲ್ಲ. ಅದು ಸರಿಯಾಗುವ ತನಕ, ಮಾತು ನಡೆಯುವವರು ಆ ನೀರನ್ನು ಕುಡಿಯಬೇಕು. ನಲ್ಲಿ ನೀರು ಕುಡಿಯುವುದು ನನ್ನ ಪಾಲಿಗೆ ಮಿತವ್ಯಯವೂ ಅಲ್ಲ, ಸರಳ ಬದುಕಿನ ವ್ರತವೂ ಅಲ್ಲ. ನೀರು ಕೆಟ್ಟರೆ ಮೊದಲು ನನ್ನ ನಾಲಗೆಗೆ ಗೊತ್ತಾಗಲಿ, ಗೊತ್ತಾದ ಮೇಲೆ ಸುಮ್ಮನಿರಲು ನನ್ನಿಂದ ಆಗದಿರಲಿ, ಅದಕ್ಕೆ. ಬಾಟಲಿ ಕೊಂಡಾಗ ನನಗೆ ಶುದ್ಧ ನೀರು ಸಿಗುತ್ತದೆ, ನಿಜ. ಜೊತೆಗೆ ವಠಾರದ ಆ ಹೆಂಗಸು ಒಂಟಿಯಾಗುತ್ತಾಳೆ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಕುಡಿಯಿರಿ ಅನ್ನುತ್ತೀರಿ, ಕುಡಿಯುವ ಹಾಗಿದೆಯಾ?

ತೊರೆಕಾಡನಹಳ್ಳಿಯಿಂದ ಹೊರಡುವ ನೀರು ಒಳ್ಳೆಯದು. ಕೆಡುವುದು ದಾರಿಯಲ್ಲಿ. ಆ ದಾರಿಯಲ್ಲಿ ಎರಡು ಭಾಗ: ಮೀಟರಿನ ತನಕ ಜಲಮಂಡಳಿಯದು, ಮೀಟರಿನಿಂದ ಲೋಟದ ತನಕ ನಮ್ಮದು. ಮಂಡಳಿಯ ಭಾಗದಲ್ಲಿ ಹಳೆಯ ಕೊಳವೆಗಳಿವೆ, ಸೋರಿಕೆಯಿದೆ. ನೀರು ಬಿಡದೇ ಇರುವ ಹೊತ್ತಿನಲ್ಲಿ ಖಾಲಿ ಕೊಳವೆ ಬಿರುಕಿನಿಂದ ಸುತ್ತಲಿನ ಕೊಳಕನ್ನು ಒಳಗೆಳೆದುಕೊಳ್ಳುತ್ತದೆ. ವಾರಕ್ಕೆ ಎರಡು ದಿನ, ಮೂರು ದಿನ ನೀರು ಬಿಡುವ ಪದ್ಧತಿಯ ದೊಡ್ಡ ಅಪಾಯ ಇದು. ಅದರ ಬಗ್ಗೆ ಜಗಳ ಮಾಡಲೇಬೇಕು.

ಆದರೆ ನಮ್ಮ ಭಾಗವನ್ನು ನಾವು ನೋಡಿದ್ದೇವೆಯೇ? ಪರಿಚಯದವರ ಅಪಾರ್ಟ್‌ಮೆಂಟಿನಲ್ಲಿ ಸಂಪು ತೊಳೆಸುವ ದಿನ ನಾನು ಹೋಗಿದ್ದೆ. ಸಂಪು ಇರುವುದು ಪಾರ್ಕಿಂಗಿನಲ್ಲಿ, ಎರಡು ಕಾರುಗಳ ನಡುವೆ. ಕಬ್ಬಿಣದ ಮುಚ್ಚಳ, ಅಂಚೆಲ್ಲ ತುಕ್ಕು ಹಿಡಿದು ಉದುರಿ, ಒಂದು ಮೂಲೆಯಲ್ಲಿ ನಾಲ್ಕು ಬೆರಳು ತೂರುವಷ್ಟು ಸಂದು. ಮುಚ್ಚಳ ನೆಲದ ಮಟ್ಟಕ್ಕೇ ಇದೆ, ಸುತ್ತ ಒಂದಂಗುಲದ ಕಟ್ಟೆಯೂ ಇಲ್ಲ. ಬೆಳಿಗ್ಗೆ ಕಾರು ಒರೆಸುವ ಹುಡುಗ ಬಕೆಟ್ಟು ಚೆಲ್ಲಿದರೆ ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಾರೆ ಕಾಣುತ್ತಿತ್ತು. ಒಳಗಿಳಿದವರು ಕಾಲಿಟ್ಟಾಗ ತಳದ ಕೆಸರು ಕಂದು ಮೋಡದ ಹಾಗೆ ಎದ್ದಿತು. ಗೋಡೆಗೆ ಅಂಗೈ ಒತ್ತಿದರೆ ಜಾರುವಷ್ಟು ಪಾಚಿ. ಕಾವೇರಿಗೂ ಬೋರಿಗೂ ಅದೊಂದೇ ಸಂಪು. ಎರಡನ್ನೂ ಬೆರೆಸಿದ ಮೇಲೆ ಕಾವೇರಿ ನೀರಿನ ಗುಣ ಕೇಳಿ ಏನು ಫಲ? ಆ ಮನೆಗಳವರು ಒಬ್ಬೊಬ್ಬರೂ ತಿಂಗಳಿಗೆ ಕ್ಯಾನಿಗೆ ಕೊಡುವ ದುಡ್ಡು ಒಟ್ಟುಗೂಡಿಸಿದ್ದರೆ ಹೊಸ ಮುಚ್ಚಳ ಬರುತ್ತಿತ್ತು, ಸುತ್ತ ಕಟ್ಟೆ ಏಳುತ್ತಿತ್ತು, ಕಾವೇರಿಗೇ ಬೇರೆ ಚಿಕ್ಕ ಟ್ಯಾಂಕು ಇಡಬಹುದಾಗಿತ್ತು. ಸೆಕ್ರೆಟರಿಯವರು ಅವತ್ತೇ ಮೂರಕ್ಕೂ ಅಂದಾಜು ಬರೆಸಿದರು. ಅವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇನ್ನೊಂದು ಮಾತು, ಕ್ಲೋರಿನ್ ವಾಸನೆ. 'ನೀರು ಔಷಧಿ ವಾಸನೆ' ಅಂತ ಎಷ್ಟೋ ಜನ ನಲ್ಲಿ ಬಿಟ್ಟಿದ್ದಾರೆ. ಭಾರತೀಯ ಮಾನಕದ ಪ್ರಕಾರ ಗ್ರಾಹಕರಿಗೆ ತಲುಪುವಾಗ ಲೀಟರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆ ಸಣ್ಣ ವಾಸನೆ ಇದ್ದರೆ ದಾರಿಯಲ್ಲಿ ರೋಗಾಣು ಸೇರಿದ್ದರೂ ಅದನ್ನು ಎದುರಿಸುವ ಶಕ್ತಿ ನೀರಿನಲ್ಲಿ ಉಳಿದಿದೆ ಅಂತ ಅರ್ಥ. ರಾತ್ರಿ ಪಾತ್ರೆಯಲ್ಲಿ ಹಿಡಿದಿಟ್ಟರೆ ಬೆಳಿಗ್ಗೆಗೆ ವಾಸನೆ ಹೋಗಿರುತ್ತದೆ. ಅನುಮಾನ ಬಂದರೆ ಕುದಿಸಿ. ನಮ್ಮ ತಾಯಂದಿರು ಮಳೆಗಾಲ ಬಂತೆಂದರೆ ಕುದಿಸಿ ಆರಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಮರಳಿನ ಮೇಲೆ ಕೂರಿಸಿದ ಮಡಕೆಗೆ ತುಂಬುತ್ತಿದ್ದರು. ಅದಕ್ಕೆ ಸಮಯ ಬೇಕು, ಒಪ್ಪುತ್ತೇನೆ. ಆ ಸಮಯ ಮನೆಯಲ್ಲಿ ಹೆಂಗಸರೊಬ್ಬರದೇ ಆಗಬಾರದು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆರ್‌ಒ ಬಗ್ಗೆ ಕೇಳುತ್ತೀರಿ. ಬೋರ್ ನೀರು ಗಡುಸಾಗಿದ್ದರೆ, ಫ್ಲೋರೈಡೋ ನೈಟ್ರೇಟೋ ಇದ್ದರೆ ಆರ್‌ಒ ಬೇಕು. ಕಾವೇರಿ ನೀರಿಗೆ ಬೇಡ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣಾಂಶ ಇರುವ ಕಡೆ ಆರ್‌ಒ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇನಲ್ಲಿ ಹೇಳಿತ್ತು. ಕಾವೇರಿ ಅದಕ್ಕಿಂತ ಎಷ್ಟೋ ಕೆಳಗಿದೆ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಬಿಡುವ ಯಂತ್ರವನ್ನು, ಐನೂರು ಮೀಟರ್ ಮೇಲಕ್ಕೆತ್ತಿ ತಂದ ನೀರಿಗೆ ಜೋಡಿಸುವುದು ಸರಿಯಲ್ಲ.

ಹಾಗಾದರೆ ಬಾಟಲಿಯೊಳಗೆ ಏನಿದೆ? 2001ರಿಂದ 2024ರ ತನಕ ಐಎಸ್‌ಐ ಗುರುತು ಕಡ್ಡಾಯವಾಗಿತ್ತು. ಹಾಗಿದ್ದೂ 2003ರ ಫೆಬ್ರುವರಿಯಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಹೆಸರಾಂತ ಬ್ರ್ಯಾಂಡುಗಳಲ್ಲೇ ಕೀಟನಾಶಕದ ಅಂಶ ತೋರಿಸಿಕೊಟ್ಟಿತು. 2024ರ ಕೊನೆಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ ಮಾಡಿತು. ಅದೇ ವರ್ಷದ ಜನವರಿಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಮೆರಿಕದ ಬಾಟಲಿ ನೀರನ್ನು ಪರೀಕ್ಷಿಸಿ, ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣ ಎಣಿಸಿದರು. ಇದನ್ನೆಲ್ಲ ಹೇಳಿ ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ನಾಳೆ ಯಾರಾದರೂ ಒಂದು ಕಣವೂ ಇಲ್ಲದ ಬಾಟಲಿ ತಯಾರಿಸಬಹುದು. ಆಗಲೂ ನನ್ನ ಮಾತು ಬದಲಾಗುವುದಿಲ್ಲ.

ಏಕೆಂದರೆ ನನ್ನ ಪ್ರಶ್ನೆ ಆ ನೀರು ಯಾರದ್ದಾಗಿತ್ತು ಎನ್ನುವುದು. ನಮ್ಮ ಸುತ್ತಮುತ್ತ ತುಂಬುವ ಬಾಟಲಿ, ಕ್ಯಾನುಗಳ ನೀರು ಬಹುಪಾಲು ಬೋರ್‌ವೆಲ್ಲಿನದು. 1882ರ ಒಂದು ಕಾಯ್ದೆ, ಅನುಭೋಗದ ಹಕ್ಕುಗಳ ಕಾಯ್ದೆ, ತನ್ನ ಜಮೀನಿನ ಕೆಳಗಿನ ನೀರನ್ನು ಎತ್ತಿಕೊಳ್ಳುವ ಹಕ್ಕು ಜಮೀನಿನ ಒಡೆಯನದು ಅಂದಿತು. ಕಪಿಲೆ ಬಾವಿಯ ಕಾಲಕ್ಕೆ ಅದು ಸರಿಯಿದ್ದೀತು. ಇವತ್ತು ಸಾವಿರ ಅಡಿ ಕೊರೆದು ಇಳಿಸಿದ ಮೋಟರು ಎಳೆಯುವುದು ಬೇಲಿಯ ಒಳಗಿನ ನೀರನ್ನಷ್ಟೇ ಅಲ್ಲ, ಅಕ್ಕಪಕ್ಕದ ಬೋರುಗಳ ನೀರನ್ನೂ. ಕೇರಳದ ಪ್ಲಾಚಿಮಡದಲ್ಲಿ 2000ದಲ್ಲಿ ಕೋಕಾ ಕೋಲಾ ಕಾರ್ಖಾನೆ ಶುರುವಾಯಿತು, ಸುತ್ತಲಿನ ಬಾವಿಗಳ ನೀರು ಇಳಿಯಿತು, ಕೆಟ್ಟಿತು. ಮಯಿಲಮ್ಮ ಎಂಬ ಆದಿವಾಸಿ ಮಹಿಳೆಯ ಮುಂದಾಳುತನದಲ್ಲಿ 2002ರಲ್ಲಿ ಧರಣಿ ಕೂತರು. 2003ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಂತರ್ಜಲ ಎಲ್ಲರ ಆಸ್ತಿ, ಸರ್ಕಾರ ಅದರ ಕಾವಲುಗಾರ ಮಾತ್ರ ಅಂದಿತು. 2005ರಲ್ಲಿ ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ಆದರೆ ಅಷ್ಟರಲ್ಲಿ, 2004ರ ಮಾರ್ಚ್‌ನಲ್ಲೇ, ಕಾರ್ಖಾನೆ ಬಾಗಿಲು ಹಾಕಿಯಾಗಿತ್ತು. ಕಾನೂನು ಇನ್ನೂ ತಡವರಿಸುತ್ತಿರುವ ವಿಷಯದಲ್ಲಿ ನ್ಯಾಯ ಯಾವುದು ಅಂತ ಆ ಹೆಂಗಸರಿಗೆ ತಿಳಿದಿತ್ತು. ಏಕಸದಸ್ಯ ಪೀಠದ ಮಾತೇ ಸರಿ ಅಂತ ನಾನು ನಂಬಿದ್ದೇನೆ.

ಈಗ, ಬೇರೆ ದಾರಿ ಇಲ್ಲದವರ ವಿಷಯ. 2007ರಲ್ಲಿ 110 ಹಳ್ಳಿಗಳನ್ನು ಬೆಂಗಳೂರಿಗೆ ಸೇರಿಸಿದರು. ಅವರಿಗೆಂದೇ ಕಟ್ಟಿದ ಐದನೇ ಹಂತ ಮುಗಿಯಲು ಹದಿನೇಳು ವರ್ಷ ಹಿಡಿಯಿತು. ಅಷ್ಟೂ ವರ್ಷ ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಕಡೆಯ ಜನ ತೆರಿಗೆ ಕಟ್ಟಿದರು, ಟ್ಯಾಂಕರಿಗೆ ದುಡ್ಡು ಕೊಟ್ಟರು, ಕುಡಿಯುವುದಕ್ಕೆ ಕ್ಯಾನ್ ಹೊತ್ತರು. 2024ರ ಬೇಸಿಗೆಯಲ್ಲಿ ಬೋರುಗಳು ಬತ್ತಿ, ಶುದ್ಧ ಕುಡಿಯುವ ನೀರಿನ ಘಟಕಗಳ ಮುಂದೆ ಐದು ರೂಪಾಯಿ ನಾಣ್ಯ ಹಿಡಿದು, ಕ್ಯಾನು ಸಾಲಾಗಿಟ್ಟು ನಿಂತವರು ಇವರು. ಒಬ್ಬರಿಗೆ ಒಂದೇ ಕ್ಯಾನು ಅಂತ ಎಷ್ಟೋ ಕಡೆ ಮಿತಿ ಹಾಕಿದ್ದರು. ಇಂಥವರಿಗೆ ಬಾಟಲಿಯ ನೀತಿ ಬೋಧಿಸುವುದು ಅನ್ಯಾಯ. ಕಾಯಿಲೆಯವರು, ಕೂಸಿರುವ ಮನೆಯವರು, ಗೊತ್ತಿಲ್ಲದ ಊರಿಗೆ ಹೋದವರು, ಇವರ ವಿಷಯವೂ ಹಾಗೆಯೇ. ಕರ್ತವ್ಯ ಹುಟ್ಟುವುದು ಕೊಳವೆ ಇರುವ ಮನೆಯಲ್ಲಿ. ಆ ಮನೆಯವರ ಕರ್ತವ್ಯದಲ್ಲಿ ಒಂದು ಭಾಗ, ಕೊಳವೆ ಇಲ್ಲದ ಮನೆಗೂ ಕೊಳವೆ ಬರಲಿ ಅಂತ ಕೇಳುವುದು. ಹೊಸ ಕನೆಕ್ಷನ್ ಕೊಟ್ಟರೆ ನಮ್ಮ ಬೀದಿಗೆ ಒತ್ತಡ ಕಡಿಮೆಯಾಗುತ್ತದೆ ಅಂತ ವಿರೋಧಿಸುವವರನ್ನು ನಾನು ಕಂಡಿದ್ದೇನೆ. ಆ ಮಾತು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ಲಾಸ್ಟಿಕ್ ಬಗ್ಗೆ ಯಾಕೆ ಇನ್ನೂ ಮಾತಾಡಲಿಲ್ಲ ಅಂತ ಅಲ್ಲಿ ಕೂತಿರುವ ವಿದ್ಯಾರ್ಥಿಗಳು ಯೋಚಿಸುತ್ತಿರಬಹುದು. ಬೇಕೆಂದೇ ತಡಮಾಡಿದೆ. ಒಂದು ಲೀಟರ್ ಬಾಟಲಿ ನಮ್ಮ ಊರಿನಲ್ಲಿ ಬೀದಿಯಲ್ಲಿ ಹೆಚ್ಚು ಹೊತ್ತು ಬಿದ್ದಿರುವುದಿಲ್ಲ. ಚಿಂದಿ ಆಯುವವರು ಆರಿಸಿಕೊಳ್ಳುತ್ತಾರೆ, ಗುಜರಿಯಲ್ಲಿ ಅದಕ್ಕೆ ಬೆಲೆಯಿದೆ. ಬಾಟಲಿ ನಿಂತರೆ ಅವರ ಸಂಪಾದನೆಗೆ ಹೊಡೆತ ಬೀಳುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನನಗೆ ತಡೆಯಲಾಗದೆ ಇರುವುದು ಮದುವೆ ಮನೆಯ ಆ ಪುಟ್ಟ ಬಾಟಲಿ, 200 ಮಿಲಿಲೀಟರಿನದು. ಎಲೆ ಹಾಕುವ ಮೊದಲೇ ಎಲೆಗೊಂದರಂತೆ ಇಟ್ಟುಕೊಂಡು ಹೋಗುತ್ತಾರೆ. ಮೂರನೇ ಪಂಕ್ತಿ ಎದ್ದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿ. ಎಲೆ ಎತ್ತುವವರು ಎಡಗೈಯಲ್ಲಿ ಬಾಟಲಿ ಹಿಡಿದು, ಉಳಿದ ನೀರನ್ನು ಬಕೆಟ್ಟಿಗೆ ಬಗ್ಗಿಸುತ್ತಾ ಹೋಗುತ್ತಾರೆ. ಕೆಲವದರಲ್ಲಿ ಒಂದು ಗುಟುಕು ಮಾತ್ರ ಖರ್ಚಾಗಿರುತ್ತದೆ. ಕೆಲವದರ ಸೀಲೂ ಒಡೆದಿರುವುದಿಲ್ಲ, ಪಾಯಸ ಅಂಟಿರುತ್ತದೆ ಅಷ್ಟೆ. ಬಕೆಟ್ಟು ತುಂಬಿದ ಹಾಗೆಲ್ಲ ಹಿಂದಿನ ಚರಂಡಿಗೆ.

ಪಂಕ್ತಿಯಲ್ಲಿ ನೀರು ಬಡಿಸುವುದು ಮೊದಲು ಮನೆಯ ಮಕ್ಕಳ ಕೆಲಸವಾಗಿತ್ತು. ಸಾರು ಬಡಿಸಲು ಕೈ ಸುಟ್ಟುಕೊಂಡಾರು, ತುಪ್ಪ ಬಡಿಸಲು ಅಳತೆ ತಿಳಿಯದು, ಆದ್ದರಿಂದ ಹತ್ತು ಹನ್ನೆರಡರ ಹುಡುಗ ಹುಡುಗಿಯರ ಕೈಗೆ ಜಗ್ಗು. 'ನೀರು ಬೇಕಾ ತಾತ, ನೀರು ಬೇಕಾ ಅತ್ತೆ' ಅಂತ ಕೇಳುತ್ತಾ ಹೋಗುವುದರಲ್ಲೇ ನೆಂಟರ ಮುಖ ಪರಿಚಯವಾಗುತ್ತಿತ್ತು. ಅತಿಥಿಗೆ ಗೌರವ ಅಂದರೆ ಸೀಲು ಮಾಡಿದ ಬಾಟಲಿ ಅಂತ ಯಾವಾಗಿನಿಂದ ಆಯಿತೋ. ಸಿಕ್ಕಿಮ್‌ನ ಲಾಚೆನ್ ಎಂಬ ಹಳ್ಳಿ 2012ರಲ್ಲೇ ಬಾಟಲಿ ನೀರು ಒಳಗೆ ಬರಬಾರದು ಅಂತ ತೀರ್ಮಾನಿಸಿತು. ಪ್ರವಾಸಿಗಳಿಂದಲೇ ಬದುಕುವ ಹಳ್ಳಿ ಅದು. 2022ರ ಜನವರಿಯಿಂದ ಇಡೀ ಸಿಕ್ಕಿಮ್ ಅದೇ ದಾರಿ ಹಿಡಿದಿದೆ. ನಮ್ಮಲ್ಲಿ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಕಲ್ಯಾಣ ಮಂಟಪ ಬುಕ್ ಮಾಡುವಾಗ, ಅಡುಗೆಯವರ ಜೊತೆ ಎಲೆ ಲೆಕ್ಕ ಮಾತಾಡುವಾಗ, 'ನೀರು ಜಗ್ಗಿನಲ್ಲಿ, ಸ್ಟೀಲ್ ಲೋಟದಲ್ಲಿ' ಅಂತ ಒಂದು ಸಾಲು ಬರೆಸಿ. ನೀರು ಎಲ್ಲಿಂದ ಬರುತ್ತದೆ, ಟ್ಯಾಂಕು ಯಾವಾಗ ತೊಳೆದದ್ದು ಅಂತಲೂ ಕೇಳಿ. ಲೋಟ ತೊಳೆಯಲು ಇಬ್ಬರು ಹೆಚ್ಚಿಗೆ ಬೇಕು ಅನ್ನುತ್ತಾರೆ. ಕೊಡಿ. ಆ ದುಡ್ಡು ಇಬ್ಬರ ಮನೆಗೆ ಹೋಗುತ್ತದೆ.

ಕೊನೆಯದಾಗಿ, ಮನೆಯಿಂದ ಹೊರಗಿರುವವರ ಬಾಯಾರಿಕೆ. ಆಟೋ ಓಡಿಸುವವರು, ಪೌರಕಾರ್ಮಿಕರು, ಊಟ ತಲುಪಿಸುವ ಹುಡುಗರು, ಏಪ್ರಿಲ್ ಬಿಸಿಲಿನಲ್ಲಿ ಇವರೆಲ್ಲ ಎಲ್ಲಿ ನೀರು ಕುಡಿಯುತ್ತಾರೆ? ಬೀದಿ ನಲ್ಲಿಗಳು ಒಂದೊಂದಾಗಿ ಮಾಯವಾದವು. ದಿನಕ್ಕೆ ಮೂರು ಬಾಟಲಿ ಕೊಂಡರೆ ಅವರ ದುಡಿಮೆಯಲ್ಲಿ ಅರವತ್ತು ರೂಪಾಯಿ ನೀರಿಗೇ ಹೋಯಿತು. ನಾವು ನಲ್ಲಿ ನೀರನ್ನು ಆರಿಸಿಕೊಳ್ಳುತ್ತೇವೆ ಅಂದರೆ ಅವರಿಗೂ ಆ ಆಯ್ಕೆ ಇರಬೇಕು. ಯುಗಾದಿ ಕಳೆದ ಮೇಲೆ ಊರೂರಿನಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಚಪ್ಪರ, ಒದ್ದೆ ಬಟ್ಟೆ ಸುತ್ತಿದ ಮಡಕೆ, ಕೈಗೆ ಹೊಯ್ಯಲು ಒಬ್ಬರು. ಈಗಲೂ ಬಸವನಗುಡಿ, ಮಲ್ಲೇಶ್ವರದ ಕೆಲವು ಮನೆಗಳ ಗೇಟಿನ ಪಕ್ಕ ಅಂಥದ್ದು ಕಾಣುತ್ತದೆ. ನಿಮ್ಮ ಗೇಟಿನಲ್ಲೂ ಆಗುತ್ತದೆ. ನಲ್ಲಿ ಇರುವ ಇಪ್ಪತ್ತು ಲೀಟರಿನ ಸ್ಟೀಲ್ ಡ್ರಮ್ಮು ಸಾಕು. ನೆರಳಿರುವ ಕಡೆ, ಸೊಂಟದೆತ್ತರಕ್ಕೆ ಇಡಿ. ಮುಚ್ಚಳಕ್ಕೆ ಬೀಗ ಇರಲಿ, ಲೋಟಕ್ಕೆ ಬೇಡ. ಬಾಟಲಿ ತುಂಬಿಸಿಕೊಳ್ಳುವವರಿಗೆ ನಲ್ಲಿಯ ಕೆಳಗೆ ಒಂದಡಿ ಜಾಗ ಬಿಡಿ. ನಿಮ್ಮ ಮನೆಯಲ್ಲಿ ನೀವು ಕುಡಿಯುವ ನೀರನ್ನೇ ತುಂಬಿ, ಬೋರ್ ನೀರನ್ನಲ್ಲ. ಬೆಳಿಗ್ಗೆ ತುಂಬುವವರು ಯಾರು, ವಾರಕ್ಕೆ ಎರಡು ಸಲ ಒಳಗೆ ಕೈ ಹಾಕಿ ಉಜ್ಜಿ ತೊಳೆಯುವವರು ಯಾರು ಎನ್ನುವುದನ್ನು ಡ್ರಮ್ಮು ಕೊಳ್ಳುವ ಮೊದಲೇ ಮನೆಯವರೆಲ್ಲ ಕೂತು ಗೊತ್ತುಮಾಡಿಕೊಳ್ಳಿ.